ಆರೋಗ್ಯದ ಹೆಸರಿನ ಗಿಡ

ಏಪ್ರಿಲ್ 3

ಟ್ರಾಲಿಬಸ್ಸನ್ನು ಡಿಪೋಗೆ ಬಿಟ್ಟು ನೇರ ಆಸ್ಪತ್ರೆಗೆ. ಕೈ ತೊಳೆ, ಮಾಸ್ಕ್ ಹಾಕು, ಶೂ ಮೇಲೆ ನೀಲಿ ಚೀಲ ಎಳೆ, ಮತ್ತೆ ಕೈ ತೊಳೆ. ಕೀಮೋ ಮುಗಿದು ಒಂಬತ್ತನೇ ದಿನ. ಯಾವೊರ್‌ನ ಬಿಳಿ ರಕ್ತಕಣ ಇವತ್ತೂ ಹೆಚ್ಚುಕಡಿಮೆ ಸೊನ್ನೆ. ಕೀಮೋ ರಕ್ತದ ಕ್ಯಾನ್ಸರಿಗೆ ಹೊಡೆಯಿತು, ಜೊತೆಗೆ ಮೈ ಕಾಯುವ ಕಣಗಳನ್ನೂ ಮುಗಿಸಿತು.

"ಬಾಗಿಲು ಹಾಕೋದು ಮರೆತ ಮನೆ ಥರ ಆಗಿದೀನಿ ಕಣೇ ಅಕ್ಕಾ. ಯಾರು ಬೇಕಾದ್ರೂ ನುಗ್ಗಬಹುದು" ಅಂದ. ಮೂವತ್ತೆಂಟು ವರ್ಷದ ಗಂಡಸು. ಹುಬ್ಬೂ ಉಳಿದಿಲ್ಲ, ನನ್ನ ತಮ್ಮನಿಗೆ ತಮಾಷೆ ಮಾತ್ರ ಉಳಿದಿದೆ.

ಪಕ್ಕದ ವಿಭಾಗದಲ್ಲಿ ಗೋಡೆ ಒಡೆಯುತ್ತಿದ್ದಾರೆ. ಹೊಸ ಲಿಫ್ಟ್ ಬರುತ್ತಂತೆ. ನಡುವೆ ಒಂದು ಪ್ಲಾಸ್ಟಿಕ್ ಹಾಳೆ, ಅದೂ ಕೆಳಗೆ ಹರಿದಿದೆ. ಅವನ ಲೋಟದ ಮುಚ್ಚಳದ ಮೇಲೆ ಬಿಳಿ ಪುಡಿ. ನರ್ಸ್‌ಗೆ ತೋರಿಸಿದೆ. "ಬಟ್ಟೆ ಕೊಡ್ತೀನಿ, ಒರೆಸ್ಕೊಳ್ಳಿ" ಅಂದಳು. ಒರೆಸಿದೆ.

ಏಪ್ರಿಲ್ 5

ಅಮ್ಮ ಹಳ್ಳಿಯಿಂದ ಬಂದಳು, ಮನೆಯ ಮೊಸರು ಹೊತ್ತು. ಡಾಕ್ಟರ್ ಹಾಜಿಯೆವಾ ಬಾಗಿಲಲ್ಲೇ ತಡೆದರು.

"ಮೊಸರೂ ಬೇಡ್ವಾ? ಬಲ್ಗೇರಿಯಾದಲ್ಲಿ ಮೊಸರು ತಿಂದು ಸತ್ತೋರು ಒಬ್ಬರನ್ನ ತೋರಿಸಿ ಡಾಕ್ಟರಮ್ಮಾ!"

ಯಾವೊರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮೊಸರನ್ನು ಕಾರಿಡಾರಿನಲ್ಲಿ ನಾನೇ ತಿಂದೆ.

ಏಪ್ರಿಲ್ 8, ಬೆಳಿಗ್ಗೆ 10

ಪರದೆ ಸರಿಸಿದರೆ ಕಿಟಕಿ ಕಟ್ಟೆಯ ಮೇಲೆ ಮಣ್ಣಿನ ಕುಂಡ. ಜ್ದ್ರಾವೆತ್ಸ್ ಗಿಡ. ಮೂರು ದಿನದಿಂದ ಅಲ್ಲೇ ಇತ್ತಂತೆ! ಅಮ್ಮ ಕೋಟಿನೊಳಗೆ ಬಚ್ಚಿಟ್ಟು ತಂದಿದ್ದಳು.

"ಅದರ ಹೆಸರಲ್ಲೇ ಆರೋಗ್ಯ ಇದೆ ಕಣೇ. ಮದುವೆ ಹೆಣ್ಣಿಗೆ, ದಂಡಿಗೆ ಹೋಗೋನಿಗೆ, ಎಲ್ರಿಗೂ ಇದನ್ನೇ ಅಲ್ವಾ ಕೊಡೋದು? ನಿನ್ನ ತಮ್ಮನಿಗೆ ಮಾತ್ರ ಬೇಡ್ವಾ?"

"ಮಣ್ಣಲ್ಲಿ ಬೂಷ್ಟಿರುತ್ತಮ್ಮಾ! ಅವನಿಗೆ ಅದೇ ವಿಷ! ಬಾಗಿಲ ಮೇಲೆ ಬರೆದಿದ್ದು ಕಣ್ಣಿಗೆ ಬೀಳಲಿಲ್ವಾ?"

"ಬರೀ ಕಡ್ಡಿ ಕೊಯ್ದು ತಂದ್ರೆ ಬಾಡಿಹೋಗುತ್ತೆ... ಬಾಡಿದ್ದು ಅಪಶಕುನ ಅಂತ ಬೇರು ಸಮೇತ ತಂದೆ."

ಎತ್ತಿಕೊಂಡು ಹೋಗಿ ಕಸದ ಡಬ್ಬಿಗೆ ಎಸೆದೆ. ಒಡೆದ ಸದ್ದು ಅಮ್ಮನಿಗೂ ಕೇಳಿಸಲಿ ಅಂತಲೇ ಜೋರಾಗಿ ಎಸೆದೆ.

ಏಪ್ರಿಲ್ 11

ಜ್ವರ. 39.4. ಆಂಟಿಬಯೋಟಿಕ್ ಬದಲಾಯಿಸಿದ್ದಾರೆ.

ಏಪ್ರಿಲ್ 15

ಜ್ವರ ಇಳಿಯಲೇ ಇಲ್ಲ. ಕೆಮ್ಮಿದರೆ ರಕ್ತ. ಸ್ಕ್ಯಾನ್ ಆಯಿತು. ಎರಡೂ ಶ್ವಾಸಕೋಶದಲ್ಲಿ ಗಂಟು.

ಹಾಜಿಯೆವಾ ಕೂರಿಸಿಕೊಂಡು ಹೇಳಿದರು. "ಒಂದು ಥರದ ಬೂಷ್ಟು. ಗಾಳೀಲಿ ಎಲ್ಲ ಕಡೆ ಇರುತ್ತೆ. ನಾವು ದಿನಾ ಉಸಿರಲ್ಲಿ ಎಳ್ಕೋತೀವಿ, ಏನೂ ಆಗಲ್ಲ. ಅವರಿಗೆ ತಡೆಯೋ ಶಕ್ತಿ ಇಲ್ಲ. ಔಷಧಿ ಶುರು ಮಾಡಿದೀವಿ. ಕಣ ಬೇಗ ಏರಿದ್ರೆ ಉಳೀತಾರೆ." ಏರದಿದ್ದರೆ?

ಮಧ್ಯಾಹ್ನ ಉಪನಿರ್ದೇಶಕ ಸ್ತಾನಿಮಿರೊವ್ ಕರೆಸಿದ. ಕಾಫಿ ಕೊಟ್ಟ. ಯಾರಾದರೂ ಗಿಡ ತಂದಿದ್ದರಾ ಅಂತ ನಯವಾಗಿ ಕೇಳಿದ. "ಒಂದು ವಿವರಣೆ ಬರ್ಕೊಡಿ ಮೇಡಂ, ಫೈಲಿಗೆ." ಬರೆದುಕೊಟ್ಟೆ. ನನ್ನ ತಾಯಿ ಪೆಂಕಾ ನಿಯಮ ಮೀರಿ ಮಣ್ಣಿನ ಕುಂಡವನ್ನು ವಾರ್ಡಿಗೆ ತಂದಿಟ್ಟಳು, ಅಂತ. ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದೆ.

ಆಮೇಲೆ ಕಾರಿಡಾರಿನಲ್ಲಿ, ನಾಲ್ಕು ಜನರೆದುರು, ಅಮ್ಮನಿಗೆ: "ನೀನೇ ಅವನನ್ನ ಕೊಲ್ತಾ ಇರೋದು. ಊರಿಗೆ ಹೋಗು. ಈ ಕಡೆ ತಲೆ ಹಾಕಬೇಡ."

ಹೋದಳು. ಅದಕ್ಕೂ ಸಿಟ್ಟು ಬಂತು.

ಏಪ್ರಿಲ್ 23

ಬರೆಯಲಾಗಲಿಲ್ಲ ಇಷ್ಟು ದಿನ. ಔಷಧಿಯಿಂದ ಯಾವೊರ್‌ಗೆ ಇಲ್ಲದ ಬಣ್ಣಗಳು ಕಾಣುತ್ತವೆ. "ಅಕ್ಕಾ, ನಿನ್ನ ಮೂಗು ನೇರಳೆ. ಪರವಾಗಿಲ್ಲ, ಮೊದಲಿಗಿಂತ ವಾಸಿ." ಆಮೇಲೆ ಕೇಳಿದ: "ಅಮ್ಮ ಎಲ್ಲಿ?" ನೆಗಡಿ ಅಂದೆ.

ಪಕ್ಕದ ರೂಮಿನ ಸ್ಪಾಸ್ ಅಜ್ಜನಿಗೂ ಅದೇ ಬೂಷ್ಟು. ಎದುರು ರೂಮಿನ ಟೀಚರಿಗೂ. ಸ್ಪಾಸ್ ಅಜ್ಜನನ್ನು ನೋಡಲು ಒಂದು ನರಪಿಳ್ಳೆಯೂ ಬರುವುದಿಲ್ಲ. ಅವನಿಗೆ ಕುಂಡ ಕೊಟ್ಟವರು ಯಾರು?

ಹಾಜಿಯೆವಾ ಬಾಗಿಲು ಹಾಕಿ ಬಂದು ಹೇಳಿದರು. "ಹಳೇ ಗೋಡೆ ಒಡೆದ್ರೆ ಒಳಗಿನ ಬೂಷ್ಟೆಲ್ಲ ಧೂಳಲ್ಲಿ ಏಳುತ್ತೆ. ಫೆಬ್ರವರಿಯಲ್ಲೇ ಬರೆದುಕೊಟ್ಟಿದ್ದೆ, ರೋಗಿಗಳನ್ನ ಬೇರೆ ಕಟ್ಟಡಕ್ಕೆ ಹಾಕಿ, ಇಲ್ಲ ಕೆಲಸ ನಿಲ್ಲಿಸಿ ಅಂತ. ಕುಂಡ ತರಬಾರದಿತ್ತು, ಸರಿ. ಆದ್ರೆ ಮೂರು ರೂಮಿಗೆ ಒಟ್ಟಿಗೆ ಬಂದಿರೋದು ಆ ಧೂಳು."

"ಮತ್ತೆ ನನ್ನ ಕೈಲಿ ಬರೆಸ್ಕೊಂಡ್ರಲ್ಲ!"

"ಅದಕ್ಕೇ ಬರೆಸ್ಕೊಂಡಿದ್ದು."

ಏಪ್ರಿಲ್ 24

ಸ್ತಾನಿಮಿರೊವ್‌ನ ಮೇಜು ಗುದ್ದಿದೆ. ಕಾಗದ ವಾಪಸ್ ಕೊಡು ಅಂದೆ.

"ಅದೀಗ ದಾಖಲೆ ಮೇಡಂ. ಮೂರೂ ಫೈಲಿಗೆ ಪ್ರತಿ ಹಾಕಿದೀವಿ."

ಮೂರಕ್ಕೂ! ನನ್ನ ಅಮ್ಮನ ಒಂದು ಗಿಡ ಮೂರು ಜನರನ್ನು ಕೆಡವಿತಂತೆ. ನಾಚಿಕೆಗೆಟ್ಟವನು.

"ನೀವೇ ಬರೆದದ್ದು. ನಾವೇನು ಒತ್ತಾಯ ಮಾಡಿದ್ವಾ?"

ಇಲ್ಲ. ಮಾಡಲಿಲ್ಲ. ಅದನ್ನೇ ನುಂಗಲಾಗುತ್ತಿಲ್ಲ. ನಾಲ್ಕು ಪುಟದ ದೂರು ಬರೆದು ಕಳಿಸಿದೆ. ಅಮ್ಮನಿಗೆ ಫೋನ್ ಮಾಡಲಿಲ್ಲ. ಏನಂತ ಮಾಡಲಿ?

ಏಪ್ರಿಲ್ 27, ಬೆಳಿಗ್ಗೆ 8

ಕಣ ಏರಲಿಲ್ಲ. ಎರಡು ಗಂಟೆಗೆ ಉಸಿರಾಟದ ಯಂತ್ರ ಹಾಕುತ್ತಾರೆ. "ಔಷಧಿ ಕೊಟ್ಟು ಮಲಗಿಸಿಬಿಡ್ತೀವಿ. ಮಾತಾಡೋರು ಅದಕ್ಕೆ ಮುಂಚೆ ಮಾತಾಡ್ಲಿ" ಅಂದರು ಹಾಜಿಯೆವಾ, ನನ್ನ ಮುಖ ನೋಡದೆ.

ಅಮ್ಮನಿಗೆ ಫೋನ್. ಮೊದಲ ರಿಂಗಿಗೇ ಎತ್ತಿದಳು. ಹನ್ನೆರಡು ದಿನದಿಂದ ಅದರ ಪಕ್ಕದಲ್ಲೇ ಕೂತಿದ್ದಳೋ ಏನೋ. ನಾನು ಬಾಯಿ ತೆರೆಯುವ ಮೊದಲೇ:

"ನಾನು ಬರಬಹುದಾ ಮಗಳೇ? ಒಳಗೆ ಬರಲ್ಲ, ಬಾಗಿಲ ಹತ್ರ ನಿಂತ್ಕೋತೀನಿ. ತೋಟಕ್ಕೆ ಇಳಿದೇ ಇಲ್ಲ ನಾನು. ಉಗುರೆಲ್ಲ ದಿನಾ ಬ್ರಷ್ ಹಾಕಿ ಉಜ್ಜಿದೀನಿ."

"ಬಾ" ಅಂದೆ. ಬಾಯಿಗೆ ಬಂದದ್ದು ಅಷ್ಟೇ.

12.40, ಬಸ್ ನಿಲ್ದಾಣ

ಬಸ್ಸು ಒಂದಕ್ಕೆ. ಬೈಯುವುದಕ್ಕೆ ನನಗೆ ಯಾವತ್ತೂ ಮಾತಿನ ಕೊರತೆಯಾದದ್ದಿಲ್ಲ. ಇದನ್ನು ಮಾತ್ರ ಬರೆದಿಟ್ಟುಕೊಂಡೇ ಹೇಳಬೇಕು. ಇಲ್ಲದಿದ್ದರೆ ಮತ್ತೆ ರೇಗಿಬಿಡುತ್ತೇನೆ.

ಅಮ್ಮಾ, ಅದು ನಿನ್ನಿಂದ ಆಗಿದ್ದಲ್ಲ.

ಅಮ್ಮಾ, ನಾನೊಂದು ಕಾಗದಕ್ಕೆ ಸಹಿ ಹಾಕಿದೀನಿ. ಅದರಲ್ಲಿ ನಿನ್ನ ಹೆಸರು

ಬಸ್ಸು ಬಂದೇಬಿಟ್ಟಿತು. ಮುಂದಿನ ಬಾಗಿಲಲ್ಲೇ ನಿಂತಿದ್ದಾಳೆ. ಗಾಜಿನ ಹಿಂದಿನಿಂದ ಎರಡೂ ಕೈ ಎತ್ತಿ, ಬೆರಳು ಅಗಲಿಸಿ ನನಗೆ ತೋರಿಸುತ್ತಿದ್ದಾಳೆ, ಉಗುರಲ್ಲಿ ಮಣ್ಣಿಲ್ಲ ಅಂತ.