ಇನ್ನೊಂದೇ ವರ್ಷ

ಶಿಮ್ಕೆಂತ್,
ಅಕ್ಟೋಬರ್ 12, ಭಾನುವಾರ

ಪ್ರೀತಿಯ ರೌಶನ್ ಅತ್ತಿಗೆಗೆ,

ನಿಮ್ಮ ಎರ್ಕೆಯ ಸಲಾಂ. ನೀವಿಟ್ಟ ಈ ಮುದ್ದಿನ ಹೆಸರಿನಿಂದ ಇಲ್ಲಿ ಯಾರೂ ಕರೆಯುವುದಿಲ್ಲ. ಮೊದಲು ಮನಸಾರೆ ಬೈದುಬಿಡಿ, ಆಮೇಲೆ ಓದಿ. ಮದುವೆಯಾಗಿ ಐದು ತಿಂಗಳಾಯಿತು. ಬರೆಯುತ್ತೇನೆ, ಬರೆಯುತ್ತೇನೆ ಎನ್ನುತ್ತಲೇ ನಿಮಗೆ ಕಳಿಸಿದ್ದು ಫೋನಿನಲ್ಲಿ ಒಂದಷ್ಟು ಕೆಂಪು ಹೃದಯಗಳು ಮಾತ್ರ. ಈಗ ನೋಡಿದರೆ ಕಾಗದ, ಪೆನ್ನು, ಅಂಚೆ! ನಿಮಗೆ ನಗು ಬರುತ್ತಿರಬೇಕು. ಏನು ಮಾಡಲಿ, ಫೋನಿನಲ್ಲಿ ಎರಡನೇ ಮಾತಿಗೇ ನೀವು ನನ್ನನ್ನು ನಗಿಸಿಬಿಡುತ್ತೀರಿ, ಹೇಳಬೇಕೆಂದಿದ್ದು ಗಂಟಲಲ್ಲೇ ಉಳಿಯುತ್ತದೆ. ಇವತ್ತು ಪೂರ್ತಿ ಹೇಳಬೇಕು. ರಷ್ಯನ್ ಶಾಲೆಯಲ್ಲಿ ಓದಿದವಳ ಕಜಕ್ ಬರವಣಿಗೆ ಇದು. ತಪ್ಪು ಕಂಡರೆ ಅಣ್ಣನಿಗೆ ಮಾತ್ರ ತೋರಿಸಬೇಡಿ, ವರ್ಷವಿಡೀ ಆಡಿಕೊಳ್ಳುತ್ತಾನೆ.

ಅಣ್ಣನ ಸೊಂಟನೋವು ಹೇಗಿದೆ? ಅವಳಿಗಳು ಶಾಲೆಯಲ್ಲಿ ಇನ್ನೂ ಒಬ್ಬರ ಹೆಸರಿಗೆ ಇನ್ನೊಬ್ಬರು ಓಗೊಡುತ್ತಿದ್ದಾರೆಯೇ? ಅಲ್ಮಾಟಿಯಲ್ಲಿ ಆಗಲೇ ಕೋಟು ಹಾಕಿಕೊಂಡಿರುತ್ತೀರಿ. ಇಲ್ಲಿ ಇನ್ನೂ ಕರಬೂಜ ಮುಗಿದಿಲ್ಲ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದೇ!

ನಾನು ಇಲ್ಲಿ ಸುಖವಾಗಿದ್ದೆ. ಎಷ್ಟು ಸುಖವಾಗಿದ್ದೆ ಎಂದರೆ ಒಬ್ಬಳೇ ಇದ್ದಾಗ ಕನ್ನಡಿ ನೋಡಿ ನಗುತ್ತಿದ್ದೆ, ನಿಜ ಅತ್ತಿಗೆ. ಅಂಗಳದಲ್ಲಿ ದ್ರಾಕ್ಷಿ ಚಪ್ಪರ, ಚಪ್ಪರದ ಕೆಳಗೆ ಮಂಚ, ಮಂಚದ ಮೇಲೆ ಅತ್ತೆ. ಅವರ ಮುಂದೆ ಚಹಾದ ಬಟ್ಟಲುಗಳ ಸಾಲು. ಮೊದಲ ವಾರವೇ ಒಂದು ಅನಾಹುತ ಮಾಡಿದೆ. ಮಾವನ ಅಣ್ಣ ತುರ್ಕಿಸ್ತಾನದಿಂದ ಬಂದಿದ್ದರು. ನನ್ನ ತಲೆಯಲ್ಲಿ ಯಾವುದೋ ತಾಳ ಓಡುತ್ತಿತ್ತು, ಎಣಿಸುತ್ತಾ ಎಣಿಸುತ್ತಾ ಅವರ ಬಟ್ಟಲನ್ನು ಅಂಚಿನವರೆಗೆ ತುಂಬಿಸಿ ಕೊಟ್ಟುಬಿಟ್ಟೆ. ತುಂಬಿದ ಬಟ್ಟಲೆಂದರೆ ಕುಡಿದು ಹೊರಡಿ ಎಂದಲ್ಲವೇ, ಪಾಪ ಮುದುಕ, ಬಟ್ಟಲು ನೋಡಿದರು, ನನ್ನನ್ನು ನೋಡಿದರು, ಟೋಪಿ ಕೈಗೆ ತೆಗೆದುಕೊಂಡು ಎದ್ದೇಬಿಟ್ಟರು!

ಅತ್ತೆ ಬಿದ್ದು ಬಿದ್ದು ನಕ್ಕರು. "ಏನಮ್ಮಾ ಕೆಲಿನ್, ಸೊಸೆಯಾಗ್ ಬಂದ್ ವಾರಕ್ಕೇ ನಮ್ ಭಾವನೋರನ್ನ ಮನೆಗ್ ಕಳಿಸ್ತಿದೀಯಾ? ಕೂತ್ಕೊಳಿ ಭಾವಾ, ಹುಡುಗಿ ಅಲ್ಮಾಟಿಯವ್ಳು, ಅಲ್ಲಿ ನೀರಿನ್ ಕೊರತೆ ಇಲ್ವಂತೆ."

ಅಂದಿನಿಂದ ಅರ್ಧ ಬಟ್ಟಲಿಗೇ ನನ್ನ ಕೈ ನಿಲ್ಲುತ್ತದೆ. ಆದರೆ ತಲೆಯೊಳಗಿನ ಎಣಿಕೆ ನಿಂತಿರಲಿಲ್ಲ. ಅದು ನೀವು ಹಚ್ಚಿದ ಹುಚ್ಚಲ್ಲವೇ?

ನಿಮ್ಮ ಅಡುಗೆಮನೆಯ ಮೇಜಿನ ಮೇಲೆ ನಿಮ್ಮ ಹಳೆಯ ಡಿಜೆ ಡೆಕ್‌ಗಳನ್ನು ಇಟ್ಟು ನನ್ನನ್ನು ನಿಲ್ಲಿಸಿದ ದಿನ ನನಗೆ ಹತ್ತೊಂಬತ್ತು. ಹಾಡಿನ ವೇಗ ತೋರಿಸುವ ಪರದೆಯ ಮೇಲೆ ನೀವು ಗಾಯದ ಪಟ್ಟಿ ಅಂಟಿಸಿದಿರಿ. "ಕಣ್ಣಿಂದ ಕಲಿತ್ರೆ ಕಿವಿ ಸೋಮಾರಿಯಾಗುತ್ತೆ ಎರ್ಕೆ" ಎಂದಿರಿ. ಮೊದಲ ವರ್ಷವೆಲ್ಲ ಬರೀ ಎಣಿಕೆ. ಎರಡು ಹಾಡಿನ ಬಡಿತಗಳು ಒಂದರ ಮೇಲೊಂದು ಕೂತಿವೆಯೋ, ಕೂದಲೆಳೆಯಷ್ಟು ಜಾರಿವೆಯೋ ಕೇಳುವುದು, ಅಷ್ಟೇ. ಎರಡನೆಯ ವರ್ಷ, ಮುಂದಿನ ಹಾಡು ಎಲ್ಲಿ ಒಳಬರಬೇಕು ಎಂಬುದು. ಮೂರನೆಯ ವರ್ಷ ನನ್ನ ಕೈ ನೋಡಿಕೊಳ್ಳುವುದನ್ನೇ ಬಿಡಿಸಿದಿರಿ. ಹಾಡು ಬದಲಾಗುವಾಗ ಕುಣಿಯುವವರ ಭುಜ ಇಳಿದರೆ ಸೋತೆ, ಇಳಿಯದಿದ್ದರೆ ಗೆದ್ದೆ, ಭುಜ ನೋಡು ಎಂದಿರಿ. ಪ್ರತಿ ಚಳಿಗಾಲವೂ ನಾನು ಕೇಳುತ್ತಿದ್ದೆ, "ಅತ್ತಿಗೆ, ನಾನು ತಯಾರಾದ್ನಾ?" ಪ್ರತಿ ಚಳಿಗಾಲವೂ ನೀವು, "ಇನ್ನೊಂದೇ ವರ್ಷ ಎರ್ಕೆ."

ನನ್ನ ಗಂಡ ಯೆರ್ಸಾಯಿನ್‌ನ ಮೊದಲ ಸಂದೇಶ ತಂದವರೂ ನೀವೇ. ಶಿಮ್ಕೆಂತ್‌ನ ಟೊಯ್‌ಗಳಿಗೆಲ್ಲ ಡಿಜೆ, ಮದುವೆಯಿರಲಿ, ಅಜ್ಜನ ಅರವತ್ತಿರಲಿ, ಅವನಿಲ್ಲದೆ ಊರು ಕುಣಿಯುವುದಿಲ್ಲ ಎಂದಿರಿ. ನಾನು ಅವನ ಮುಖಕ್ಕಿಂತ ಮೊದಲು ಕೈ ನೋಡಿ ಮರುಳಾದವಳು. ಆ ಉದ್ದನೆಯ ಬೆರಳುಗಳು! ಇಂಥವನ ಮನೆಗೆ ಹೋದರೆ ಉಳಿದದ್ದನ್ನೂ ಕಲಿತುಬಿಡುತ್ತೇನೆ ಎಂದುಕೊಂಡೆ.

ಬಂದ ಮೇಲೆ ಅವನನ್ನೂ ಕೇಳಿದೆ. "ಎಷ್ಟು ವರ್ಷ ಬೇಕು?"

"ನಂಗೆ ಏಳಾಯ್ತು. ನಿಂಗೆ ಐದು ಸಾಕು ಚಿನ್ನಾ, ನೀನು ಜಾಣೆ."

"ನಾಲ್ಕಾಯ್ತಲ್ಲ?"

"ಹಂಗಾದ್ರೆ ಇನ್ನೊಂದೇ."

ನಿಮ್ಮ ಮಾತು, ಅವನ ಮಾತು ಒಂದೇ ಆದದ್ದು ಕಂಡು ನನಗೆ ಎಷ್ಟು ಧೈರ್ಯ ಬಂತು ಗೊತ್ತೇ? ಬಲ್ಲವರಿಬ್ಬರೂ ಒಂದೇ ಹೇಳಿದರೆ ಅದು ನಿಜವಿರಲೇಬೇಕು.

ಹಿಂದಿನ ಕೋಣೆಯಲ್ಲಿ ಡೆಕ್ ಹಾಕಿಕೊಟ್ಟ. ದಿನಾ ಮಧ್ಯಾಹ್ನದ ಚಹಾ ಮುಗಿಸಿ ಎರಡು ಗಂಟೆ ನಾನು ಅಲ್ಲೇ. ಪೂರ್ತಿ ರೆಕಾರ್ಡ್ ಮಾಡು, ತಪ್ಪು ಹುಡುಕೋಣ ಎಂದ. ಸಂಜೆ ಹೆಡ್‌ಫೋನ್ ಹಾಕಿ ಕೂತು, "ಇಲ್ಲಿ ಬೇಸ್ ಬೇಗ ಬಂತು, ಇಲ್ಲಿ ಅರ್ಧ ಬಡಿತ ಜಾರ್ತು" ಎಂದು ಚೀಟಿ ಬರೆದುಕೊಡುತ್ತಿದ್ದ. ಹೊಸ ಹೆಂಡತಿಯ ಹಾಡನ್ನು ಇಷ್ಟು ಕಿವಿಗೊಟ್ಟು ಕೇಳುವ ಗಂಡ ಯಾರಿಗೆ ಸಿಕ್ಕುತ್ತಾನೆ ಹೇಳಿ! ಆ ಚೀಟಿಗಳನ್ನೆಲ್ಲ ಪ್ರೇಮಪತ್ರದ ಹಾಗೆ ಎತ್ತಿಟ್ಟುಕೊಂಡಿದ್ದೆ. ನಾದಿನಿಯ ಮಗಳು ಇಂಕಾರ್ ನಡೆಯಲು ಕಲಿತಿದ್ದಳು, ಸೆಪ್ಟೆಂಬರ್‌ನಲ್ಲಿ ಅವಳ ಕಾಲಿನ ದಾರ ಕತ್ತರಿಸುವ ಟೊಯ್. ಅಲ್ಲಿ ಅರ್ಧ ಗಂಟೆ ನಿನಗೆ ಬಿಟ್ಟುಕೊಡುತ್ತೇನೆ, ನಿನ್ನ ಹೆಸರು ಹೇಳಿಯೇ ಶುರು ಮಾಡಿಸುತ್ತೇನೆ ಎಂದು ಪ್ರಾಮಿಸ್ ಮಾಡಿದ. ನಾನು ನೀಲಿ ಉಡುಪು ಹೊಲಿಸಿಕೊಂಡೆ.

ಟೊಯ್ ದಿನ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅವನು, "ಇವತ್ತು ಬೇಡ ಚಿನ್ನಾ. ಇನ್ನೂರು ಜನ ಬರ್ತಾರೆ, ತುರ್ಕಿಸ್ತಾನದ ದೊಡ್ಡಮ್ಮಂದಿರೆಲ್ಲ ಇರ್ತಾರೆ. ನೀನಿನ್ನೂ ತಯಾರಾಗಿಲ್ಲ."

ನೀವೂ ಅದನ್ನೇ ಹೇಳಿದ್ದಿರಲ್ಲ. ಹಾಗಾಗಿ ನಂಬಿದೆ. ನೀಲಿ ಉಡುಪಿನ ಮೇಲೆ ಏಪ್ರನ್ ಕಟ್ಟಿಕೊಂಡು ದೊಡ್ಡವರ ಮೇಜಿಗೆ ಚಹಾ ಕೊಡಲು ನಿಂತೆ.

ಇಂಕಾರ್‌ನ ಕಾಲಿನ ಕಪ್ಪು ಬಿಳಿ ದಾರ ಕತ್ತರಿಸಿದರು, ಮಗು ನಾಲ್ಕು ಹೆಜ್ಜೆ ಓಡಿ ಧೊಪ್ಪನೆ ಕೂತಿತು, ಎಲ್ಲರೂ ಕೂಗಿದರು, ಕುಣಿತ ಶುರುವಾಯಿತು. ಮೊದಲು ಮುದುಕಿಯರ ಡೊಂಬ್ರಾ ಹಾಡು. ಅದರಿಂದ ಹುಡುಗರ ಹಾಡಿಗೆ ದಾಟುವುದು ಬಲು ಕಷ್ಟ, ನಿಮಗೆ ಗೊತ್ತು. ಡೊಂಬ್ರಾ ನುಡಿಸಿದವನು ಮನುಷ್ಯ, ಯಂತ್ರವಲ್ಲ, ಅವನ ತಾಳ ಉಸಿರಿನ ಹಾಗೆ ಹಿಗ್ಗುತ್ತದೆ, ಕುಗ್ಗುತ್ತದೆ. ದಾಟಿ ಮುಗಿಯುವವರೆಗೂ ಬೆರಳಿನಿಂದ ಡೆಕ್ಕಿನ ತಿರುಗುವ ತಟ್ಟೆಯ ಅಂಚನ್ನು ತಳ್ಳುತ್ತಾ, ತಡೆಯುತ್ತಾ ಇರಬೇಕು. ಆ ಒಂದು ದಾಟುವಿಕೆಗೆ ನಾನು ಜುಲೈನಲ್ಲಿ ಮೂರು ವಾರ ಬೆವರಿದ್ದೆ. ಒಂದು ದಿನ ಇನ್ನೇನು ಕೂಡಿತು ಎನ್ನುವಾಗ ಅತ್ತೆ ಹೊರಗಿನಿಂದ "ಕೆಲಿನ್! ಚಹಾ!" ಎಂದು ಕೂಗಿದರು. ಬೆರಳು ಜಾರಿತು, ಓಡುವ ಕುದುರೆ ಎಡವಿದ ಹಾಗೆ ಎರಡು ಬಡಿತ ಒಂದರ ಮೇಲೊಂದು ಬಿದ್ದವು. ಏನು ತೋಚಿತೋ, ತಟ್ಟನೆ ಬೇಸ್ ತೆಗೆದು ಬರೀ ಚಪ್ಪಾಳೆಯ ಸದ್ದು ಬಿಟ್ಟೆ, ನಾಲ್ಕು ಎಣಿಸಿ ಎಲ್ಲವನ್ನೂ ಒಟ್ಟಿಗೆ ಒಳಗೆ ತಂದೆ.

ಅತ್ತಿಗೆ, ಆ ಹಾಲ್‌ನಲ್ಲಿ ಕುದುರೆ ಎಡವಿತು. ಅದೇ ಜಾಗದಲ್ಲಿ, ಅದೇ ಎಡವು. ಬೇಸ್ ಹೋಯಿತು. ಚಪ್ಪಾಳೆ ಬಂತು. ನಾಲ್ಕು. ಎಲ್ಲ ಒಟ್ಟಿಗೆ ಒಳಬಂತು, ದೊಡ್ಡಮ್ಮಂದಿರು ಕೈಯೆತ್ತಿ ಕಿರುಚಿದರು, ಒಬ್ಬರ ಭುಜವೂ ಇಳಿಯಲಿಲ್ಲ. ನಾನು ಚಹಾದ ಕೆಟಲ್ ಹಿಡಿದು ಡೆಕ್‌ನ ಕಡೆ ನೋಡಿದೆ. ನನ್ನ ಗಂಡ ತಲೆಯ ಮೇಲೆ ಕೈಯೆತ್ತಿ ಚಪ್ಪಾಳೆ ತಟ್ಟುತ್ತಿದ್ದ. ಎರಡೂ ಕೈ, ಅತ್ತಿಗೆ! ಬೆರಳು ತಟ್ಟೆಯಿಂದ ಕದಲಬಾರದ ಹೊತ್ತಿನಲ್ಲಿ ಎರಡೂ ಕೈ ಗಾಳಿಯಲ್ಲಿ.

ಮಾರನೆಯ ಬೆಳಿಗ್ಗೆ ತಿಂಡಿಯ ಮುಂದೆ ಕೇಳಿದೆ. "ನನ್ನ ರೆಕಾರ್ಡಿಂಗ್ ಎಷ್ಟು ಟೊಯ್‌ಗಳಲ್ಲಿ ಹಾಕಿದೀಯಾ?"

ಅವನು ಕರಿದ ಬೌರ್ಸಾಕ್ ಮುರಿಯುತ್ತಾ, "ಹನ್ನೊಂದೋ, ಹದಿನಾಲ್ಕೋ... ಯಾಕೆ?" ಎಂದ. ಸುಳ್ಳನ್ನೂ ಹೇಳಲಿಲ್ಲ ನೋಡಿ.

"ಯಾಕೆ ಅಂತ ಕೇಳ್ತೀಯಾ?"

"ಅಯ್ಯೋ, ಜನ ಕುಣಿದ್ರಲ್ಲ! ನೀನೇ ಕುಣಿಸಿದ್ದು, ಖುಷಿಪಡು. ನಂದು ನಿಂದು ಅಂತ ಬೇರೆ ಉಂಟಾ?"

"ಹಾಗಾದ್ರೆ ನನ್ನ ಹೆಸರು ಯಾಕೆ ಹೇಳ್ಲಿಲ್ಲ? ತಯಾರಾಗಿಲ್ಲ ಅಂತ ಯಾಕೆ ಹೇಳ್ದೆ?"

ಅದಕ್ಕೆ ಅವನೊಂದು ಮಾತು ಹೇಳಿದ, ಫೋನಿನಲ್ಲಿ ಒಂದು ತೋರಿಸಿದ. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ, ಕೊನೆಗೆ ಬರೆಯುತ್ತೇನೆ.

ನಾನು ಅಳಲಿಲ್ಲ. ಕೆಟಲ್ ಎತ್ತಿ ಅವನ ಬಟ್ಟಲನ್ನು ಅಂಚಿನವರೆಗೆ, ಇನ್ನೊಂದು ಹನಿ ಬಿದ್ದರೆ ಚೆಲ್ಲುವಷ್ಟು ತುಂಬಿಸಿ ಮುಂದಿಟ್ಟೆ. ಅವನಿಗೆ ಏನೂ ಹೊಳೆಯಲಿಲ್ಲ, "ಬಾಯಾರಿತ್ತು" ಎಂದು ಗಟಗಟ ಕುಡಿದು ಎದ್ದುಹೋದ. ಮಂಚದ ಮೇಲೆ ಕೂತಿದ್ದ ಅತ್ತೆಗೆ ಹೊಳೆಯಿತು.

"ಬಾ ಇಲ್ಲಿ" ಎಂದರು. "ಗಂಡಂಗೆ ತುಂಬಿದ್ ಬಟ್ಲು ಕೊಡೋ ಅಷ್ಟು ಏನ್ ಮಾಡ್ದ?"

ನಾನು ಬಾಯಿ ಬಿಡುವ ಮೊದಲೇ ಅವರೇ ಹೇಳಿದರು, "ನಿನ್ನೆ ಹಾಲ್‌ನಲ್ಲಿ ಆ ಕುಂಟು ಕೇಳ್ದಾಗ್ಲೇ ಅಂದ್ಕೊಂಡೆ. ನಾನ್ ಕೂಗಿದ್ಕಲ್ವಾ ಅವತ್ತು ನೀನು ಎಡವಿದ್ದು? ಬೇಸಿಗೆ ಪೂರ್ತಿ ಗೋಡೆ ಆಚೆ ಕೂತು ಕೇಳಿದೀನಿ ಕಣೇ. ನಂಗೇನ್ ಕಿವಿ ಇಲ್ವಾ?"

"ನೀವ್ಯಾಕೆ ಹೇಳ್ಲಿಲ್ಲ?"

"ನಿಂಗೊತ್ತಿರುತ್ತೆ ಅಂದ್ಕೊಂಡಿದ್ದೆ. ಗಂಡ ಹೆಂಡ್ತಿ ಮಾತಾಡ್ಕೊಂಡು ಮಾಡ್ತಿದೀರಿ ಅಂತ." ದ್ರಾಕ್ಷಿಯ ಗೊನೆಯೊಂದನ್ನು ಕಿತ್ತು ನನ್ನ ಕೈಗಿಟ್ಟರು. "ಮುಂದಿನ್ ತಿಂಗ್ಳು ನಮ್ಮಕ್ಕಂಗೆ ಎಪ್ಪತ್ತು. ಅವ್ರ ಅಂಗ್ಳದಲ್ಲೇ ಮಧ್ಯಾಹ್ನದ ಊಟ, ಬರೀ ಹೆಂಗಸ್ರು. ಡಿಜೆ ಯಾರು ಅಂತ ಕೇಳ್ತಿದ್ಲು. ನಮ್ ಕೆಲಿನ್ ಅಂತ ಹೇಳ್ಬಿಟ್ಟೆ ಅಂದ್ಕೋ."

"ನಾನು ತಯಾರಾಗಿದೀನಾ ಅಮ್ಮಾ?"

"ನಂಗೇನ್ ಗೊತ್ತು ಅದೆಲ್ಲ? ನಂಗೆ ಮಂಡಿನೋವು. ನೀನ್ ಹಿಂದಿನ್ ಕೋಣೇಲಿ ಹಾಕ್ತಿದ್ರೆ ಇಲ್ಲಿ ನನ್ ಕಾಲು ಸುಮ್ನೆ ಇರಲ್ಲ. ಅಷ್ಟ್ ಗೊತ್ತು."

ಅದು ಬರುವ ಶನಿವಾರ. ಯೆರ್ಸಾಯಿನ್‌ಗೆ ಅತ್ತೆಯೇ ಹೇಳಿದ್ದಾರೆ, ಡೆಕ್ ಹೊತ್ತುಕೊಂಡು ಬಂದು ಇಟ್ಟು ಹೊರಗೆ ಕೂರಬೇಕಂತೆ. ಅವನು ಈಗ ನನ್ನ ಸುತ್ತಲೇ ಸುಳಿಯುತ್ತಾನೆ. ಕ್ಷಮಿಸು ಎಂದಿದ್ದಾನೆ. ಕ್ಷಮಿಸುತ್ತೇನೋ ಏನೋ, ಇನ್ನೂ ಗೊತ್ತಿಲ್ಲ. ರೆಕಾರ್ಡಿಂಗ್‌ಗಳನ್ನು ನನ್ನ ಕಣ್ಣೆದುರೇ ಅಳಿಸಿದ. ನಾನು ಅವನ ಚೀಟಿಗಳನ್ನು ಹರಿದೆ. ಆಮೇಲೆ ಒಂದನ್ನು ಅಂಟಿಸಿದೆ, ಯಾಕೆಂದರೆ ಬೇಸ್ ಬಗ್ಗೆ ಅವನು ಹೇಳಿದ್ದು ಸರಿಯಿತ್ತು. ನಗಬೇಡಿ.

ಇನ್ನು ನಿಲ್ಲಿಸುತ್ತೇನೆ, ಸಮೋವರ್ ಕೂಗುತ್ತಿದೆ. ನಿಮ್ಮ ಮನೆಯ ಒಲೆ ಆರದಿರಲಿ, ಅವಳಿಗಳು ಅಣ್ಣನಿಗಿಂತ ಎತ್ತರ ಬೆಳೆಯಲಿ, ಅಣ್ಣನ ಸೊಂಟಕ್ಕೆ ಕುರಿಯ ಕೊಬ್ಬು ಹಚ್ಚಿ ಉಣ್ಣೆಯ ಶಾಲು ಕಟ್ಟಿ. ಅಮ್ಮನಿಗೆ ನನ್ನ ಮುತ್ತು.

ನಿಮ್ಮ,
ಟೊಗ್ಜಾನ್

ಮರುಬರಹ: ಇದು ಮರೆತುಹೋಗಿ ಕೊನೆಗೆ ಸೇರಿಸಿದ ಮಾತಲ್ಲ. ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ಧೈರ್ಯವಾಗಲಿಲ್ಲ.

ಯಾಕೆ ಹಾಗೆ ಹೇಳಿದೆ ಎಂದಾಗ ಯೆರ್ಸಾಯಿನ್ ಹೇಳಿದ ಮಾತು ಇದು: "ನಿಮ್ಮತ್ತಿಗೇನೇ ಹೇಳಿಕೊಟ್ಟಿದ್ದು." ತೋರಿಸಿದ್ದು ನಿಮ್ಮ ಸಂದೇಶ. ಮದುವೆಗೆ ಎರಡು ತಿಂಗಳ ಮುಂಚಿನದು, ಮಾರ್ಚ್ ಹದಿನಾಲ್ಕರದು. ಹುಡುಗಿಯ ಕೈ ಹೇಗಿದೆ ಎಂದು ಅವನು ಕೇಳಿದ್ದಾನೆ. ನೀವು ಬರೆದಿದ್ದೀರಿ: "ನಾನು ಹತ್ತು ವರ್ಷದಲ್ಲಿ ಮುಟ್ಟದ್ದನ್ನ ಅವಳು ಮೂರರಲ್ಲಿ ಮುಟ್ಟಿದಾಳೆ. ಹೋದ ಚಳಿಗಾಲಕ್ಕೇ ತಯಾರು. ಅವಳಿಗೆ ಮಾತ್ರ ಹೇಳ್ಬೇಡ, ಇನ್ನೊಂದು ವರ್ಷ ಅಂತಿರು. ಗೊತ್ತಾದ್ರೆ ಮನೇಲಿ ನಿಲ್ಲೋಳಲ್ಲ."

ಅದೇ ವಾರ ನಿಮ್ಮ ಅಡುಗೆಮನೆಯಲ್ಲಿ ನಾನು ಒಂದು ತಾಸು ಹಾಡು ಕೂಡಿಸಿ ನಿಮ್ಮ ಮುಖ ನೋಡಿದ್ದೆ. ನೀವು ಇಲ್ಲ ಎಂದು ತಲೆಯಾಡಿಸಿದಿರಿ. ನಾನು ಅತ್ತುಬಿಟ್ಟೆ. ನೀವು ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಕೂದಲು ಸವರಿದಿರಿ.

ನಮ್ಮ ಮನೆಗೆ ಸೊಸೆಯಾಗಿ ಬಂದು ನೀವು ಡೆಕ್ ಬಿಟ್ಟಿರಿ, ನನಗೆ ಗೊತ್ತು. ಬಿಡಿಸಿದ್ದು ನಮ್ಮಮ್ಮ, ಅದೂ ಗೊತ್ತು. ಅದಕ್ಕೇ ನನಗೂ ಹಾಗೆ ಮಾಡಿದಿರಾ, ಅಥವಾ ನಾನು ಮನೆ ಮುರಿದುಕೊಳ್ಳದಿರಲಿ ಎಂದು ಕಾಳಜಿಯೇ? ಬಹಳ ಯೋಚಿಸಿದೆ, ತಿಳಿಯಲಿಲ್ಲ. ಗಂಡ ಕದ್ದದ್ದು ಹಾಡನ್ನು. ಹಾಡು ಇನ್ನೊಂದು ಮಾಡಬಲ್ಲೆ.

ತಿಂಗಳ ಕೊನೆಗೆ ನೀವೂ ಅಣ್ಣನೂ ಬರುತ್ತೀರಂತೆ. ಬನ್ನಿ. ಶನಿವಾರಕ್ಕೇ ಬಂದರೂ ಬನ್ನಿ, ಅತ್ತೆಯ ಪಕ್ಕದಲ್ಲೇ ಕೂರಿಸುತ್ತೇನೆ. ನಾನು ಹಾಡು ಹಾಕುವಾಗ ಕೇಳಿ, ಕುಣಿಯಬೇಕೆನಿಸಿದರೆ ಕುಣಿಯಿರಿ. ಆದರೆ ಮುಗಿದ ಮೇಲೆ ಹೇಗಿತ್ತು ಎಂದು ಮಾತ್ರ ನನಗೆ ಹೇಳಬೇಡಿ ಅತ್ತಿಗೆ. ಚೆನ್ನಾಗಿತ್ತು ಎಂದರೂ ನಂಬಲಾರೆ, ಚೆನ್ನಾಗಿರಲಿಲ್ಲ ಎಂದರೂ ನಂಬಲಾರೆ. ಜಗತ್ತಿನಲ್ಲಿ ನಾನು ನಂಬಿ ಕೇಳಬಹುದಾಗಿದ್ದವರು ನೀವೊಬ್ಬರೇ ಇದ್ದಿರಿ.