ಹಣ್ಣಿನ ಬಣ್ಣದ ಬಟನ್

ಜನವರಿ 3, 1962, ಬುಧವಾರ

ಕ್ವಾರ್ಟರ್ಸ್ ಕೊಡುತ್ತಾರಂತೆ, ಯಮುನ ಬರಬಹುದು, ಮದುವೆಯಾದ ಮೇಲೆ ಮೊದಲ ಸಲ ನಾವಿಬ್ಬರೂ ಒಂದೇ ಮನೆಯಲ್ಲಿರಬಹುದು. ಸಿಕ್ಕವರಿಗೆಲ್ಲ ಹೇಳಿಬಿಟ್ಟೆ, ಟಪಾಲಿನವನಿಗೂ. ಒಂದೇ ಷರತ್ತು — ಶನಿವಾರ ಸೂಪರಿಂಟೆಂಡೆಂಟ್ ಕುಶಾಲಪ್ಪನವರು ಬಂದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಹೌಸಿನ ಸ್ವಿಚ್‌ಬೋರ್ಡುಗಳನ್ನು ಪಾಸ್ ಮಾಡಬೇಕು. ಕಂಪನಿಯ ಎಲ್ಲ ಎಸ್ಟೇಟುಗಳಲ್ಲೂ ಬೋರ್ಡು ಒಂದೇ ತರಹ ಇರಬೇಕೆಂದು ಹೆಡ್ ಆಫೀಸಿನ ಸರ್ಕ್ಯುಲರ್. ಮೇಲೆ ಹಸಿರು ಬಟನ್, ಚಾಲೂ. ಕೆಳಗೆ ಕೆಂಪು, ಬಂದ್. ಮೂರು ಮೆಷಿನ್ನಿಗೂ ಹಾಕಿಸಿ ಆಯಿತು. ಎಷ್ಟು ಚಂದ ಕಾಣುತ್ತದೆ.

ಜನವರಿ 4

ಮೇಸ್ತ್ರಿ ದೇರಪ್ಪನ ಅಂಗಿ ಮೆಷಿನ್ನಿನ ಬೆಲ್ಟಿಗೆ ಸಿಕ್ಕಿಕೊಂಡಿತು. "ನಿಲ್ಸು, ನಿಲ್ಸು" ಎಂದು ಕೂಗಿದ. ಬೋರ್ಡಿನ ಹತ್ತಿರವಿದ್ದ ತೋಟದಾಳು ಮುದ್ದಿ ಹಸಿರನ್ನೇ ಒತ್ತಿದಳು, ಮತ್ತೆ ಮತ್ತೆ. ನಾನು ಓಡಿ ಕೆಂಪು ಒತ್ತುವಷ್ಟರಲ್ಲಿ ಅಂಗಿಯ ತೋಳು ಹರಿದುಹೋಗಿತ್ತು. ಕೈ ಉಳಿಯಿತು.

"ಎಂತ ಮಾರಾಯ್ತಿ, ಹುತ್ತರಿ ಹಬ್ಬಕ್ಕೆ ಹೊಲಿಸಿದ ಶರ್ಟು," ಎಂದ ದೇರಪ್ಪ.

ಹಸಿರು ಯಾಕೆ ಒತ್ತಿದೆ ಎಂದು ಮುದ್ದಿಯನ್ನು ಕೇಳಿದೆ.

"ಹಣ್ಣು ಪಿಕ್ಕಿಂಗಲ್ಲಿ ಕೆಂಪು ಕಂಡ್ರೆ ಕೀಳೋದು, ಹಸಿರು ಕಂಡ್ರೆ ಕೈ ಬಿಡೋದು ಸಾರ್. ನಿಲ್ಸು ಅಂದ್ರು, ಹಸಿರು ಒತ್ತಿದೆ."

"ಅವಳಿಗೆ ಬೈಬೇಡಿ," ಎಂದ ದೇರಪ್ಪ. "ನಾನಾದ್ರೂ ಅದನ್ನೇ ಒತ್ತೋದು."

ಜನವರಿ 5

ಬಣ್ಣ ಅದಲುಬದಲು ಮಾಡಿದರೆ ಬೇರೆ ಎಸ್ಟೇಟಿನಿಂದ ಬಂದವನು ಕೈ ಕಳೆದುಕೊಳ್ಳುತ್ತಾನೆ. ಹೀಗೇ ಬಿಟ್ಟರೆ ಇಲ್ಲಿಯವರು. ಆದರೆ ಹೀಗೇ ಬಿಟ್ಟರೆ ನಾಳೆ ಪಾಸು, ಯಮುನ... ಮಧ್ಯಾಹ್ನದವರೆಗೂ ಬಿಡೋಣವೆಂದೇ ಇದ್ದೆ.

ಸಂಜೆ ಎರಡೂ ಬಣ್ಣ ಕೆರೆಸಿದೆ. ಬಂದ್ ಬಟನ್ನಿನ ಮೇಲೆ ಆಚಾರಿಯಿಂದ ಅಂಗೈಯಗಲದ ಮರದ ಬಿಲ್ಲೆ ಹಾಕಿಸಿದೆ. ಮೂರು ಬೋರ್ಡಿನಲ್ಲೂ ಒಂದೇ ಜಾಗ. ಕಣ್ಣು ಮುಚ್ಚಿ ಹೊಡೆದರೂ ನಿಲ್ಲಬೇಕು.

ಜನವರಿ 6

"ಬಣ್ಣ ಎಲ್ರೀ?" ಕುಶಾಲಪ್ಪನವರು ಬಾಗಿಲಲ್ಲೇ ಕೇಳಿದರು. "ಸರ್ಕ್ಯುಲರ್ ಓದಿದ್ದೀರಾ?"

"ಗೋಡೆಗೆ ಅಂಟಿಸಿದ್ದೇ ನಾನು ಸಾರ್."

"ಅಂಟಿಸೋಕೆ ಗೋಂದು ಇದ್ರೆ ಸಾಕು."

ದೇರಪ್ಪನ ಅಂಗಿಯ ಕಥೆ ಹೇಳಿದೆ. ಮುದ್ದಿಗೆ ಮೆಷಿನ್ ನಿಲ್ಲಿಸಲು ಹೇಳಿದೆ. ಬೋರ್ಡಿನ ಕಡೆ ನೋಡದೆಯೇ ಹೊಡೆದಳು, ನಿಂತಿತು. ಆದರೂ ಅವರು ಪಾಸ್ ಮಾಡಲಿಲ್ಲ. ಹೆಡ್ ಆಫೀಸಿಗೆ ಬರೆಯುತ್ತಾರಂತೆ. ಕ್ವಾರ್ಟರ್ಸಿನ ಕೀ ಅವರ ಜೀಪಿನಲ್ಲೇ ವಾಪಸು ಹೋಯಿತು. ಯಮುನಳಿಗೆ ಏನೆಂದು ಬರೆಯಲಿ...

ಜನವರಿ 24

ಮೊನ್ನೆ ಹೆಡ್ ಆಫೀಸಿನ ಒಪ್ಪಿಗೆ ಬಂತು, ಜೊತೆಗೆ ಕ್ವಾರ್ಟರ್ಸಿನ ಕೀ. ಎಲ್ಲ ಎಸ್ಟೇಟುಗಳಿಗೂ ಬಿಲ್ಲೆ, ಬಣ್ಣ ಎಲ್ಲೂ ಇಲ್ಲ. ಬರೆಯಲು ಪುರುಸೊತ್ತಿಲ್ಲ — ಮನೆ ಗುಡಿಸಿದೆ, ಒಲೆ ಹೊತ್ತಿಸಿ ನೋಡಿದೆ, ಸುಮ್ಮನೆ ಬಾಗಿಲು ತೆಗೆದೆ, ಮುಚ್ಚಿದೆ. ಈಗಷ್ಟೇ ಯಮುನಳ ತಂತಿ ಬಂತು. ಭಾನುವಾರ, ಅರಸೀಕೆರೆ ರೈಲು, ಮೈಸೂರಿಗೆ ಮಧ್ಯಾಹ್ನ ಬರುತ್ತಾಳೆ, ಸ್ಟೇಷನ್ನಿಗೆ ನಾನು —