ಕಲಸದ ಮದ್ದಿನ ಪಾಠ

ಜೂನ್ ೧೨, ಗುರುವಾರ

ತಲೆ ಕೆಟ್ಟಿದೆ. ಮೊಮ್ಮಗಳು ಭವಿತಾಳಿಗೆ ನಾಳೆ ಪುತ್ತೂರಿನ ಕಾಲೇಜಿನಲ್ಲಿ ಕಂಪ್ಯೂಟರಿನ ವೈವಾ, ಬಾಯಿಯಲ್ಲೇ ಉತ್ತರ ಹೇಳುವ ಪರೀಕ್ಷೆ. ಹಿಂದಿನ ಸಲ ಇದರಲ್ಲೇ ಫೇಲು. ಏನೂ ತಿಳಿಯದವರಿಗೆ ಅರ್ಥ ಮಾಡಿಸಿದರೆ ತನಗೆ ಬಂತೆಂದು ಲೆಕ್ಕವಂತೆ. ಅದಕ್ಕೆ ನನ್ನನ್ನು ಹಿಡಿದಳು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು.

“ಫಂಕ್ಷನ್ ಅಂದ್ರೆ ಕಂಪ್ಯೂಟರಿಗೆ ಬರೆದಿಟ್ಟ ಒಂದು ಕೆಲಸ ಅಜ್ಜ. ಬರೀ ಅದರ ಹೆಸರು ಬರೆದ್ರೆ ಕೆಲಸ ಆಗುದಿಲ್ಲ, ಮಾಡು ಅಂತ ಹೇಳ್ಬೇಕು. ಆದ್ರೆ ಆ ಕೆಲಸವನ್ನೇ ಒಂದು ವಸ್ತುವಿನ ಹಾಗೆ ಇನ್ನೊಬ್ಬರ ಕೈಗೆ ಕೊಡ್ಲಿಕ್ಕೆ ಆಗ್ತದೆ.”

“ಮಾಡದ ಕೆಲಸವನ್ನು ಕೊಡುದು ಹೇಗೆ ಮಾರಾಯ್ತಿ? ಬುಟ್ಟಿಯಲ್ಲಿ ಹಾಕಿಯಾ?”

“ನೀವು ಅಡಿಕೆಗೆ ಬಿಡುವ ಮದ್ದು ಉಂಟಲ್ಲ? ಕಲಸಿ ಕೊಟ್ರೆ ನಾಳೆಗೆ ಹಾಳು. ಕಲಸುವ ಕ್ರಮವನ್ನೇ ಕೊಟ್ರೆ ಅವರು ಬೇಕಾದಾಗ ಕಲಸ್ತಾರೆ.”

ಆ ಮದ್ದಿಗೆ ಹಾಕುವ ಮೈಲುತುತ್ತು, ಸುಣ್ಣ, ನೀರು ನನಗೆ ಗೊತ್ತು. ಆದರೆ ಕ್ರಮವನ್ನು ಕೊಟ್ಟ ಮೇಲೆ ಅದು ನನ್ನಲ್ಲಿ ಉಳಿಯಿತೋ, ಹೋಯಿತೋ? ಕಲಸುವವರೆಗೆ ಅದು ಎಲ್ಲಿರುತ್ತದೆ? ಮೂರು ಸಲ ಕೇಳಿದರೂ ತಲೆಗೆ ಹೋಗದೆ ಸಿಟ್ಟು ಬಂದು, “ಅರ್ಥ ಆಯ್ತು, ಹೋಗಿ ಮಲಗು” ಎಂದು ಗದರಿದೆ. ಅವಳ ಮುಖ ಅರಳಿತು. ತನಗೆ ಬಂತೆಂದೇ ನಂಬಿ ಮಲಗಿದ್ದಾಳೆ.

ಎಬ್ಬಿಸಿ ನಿಜ ಹೇಳಬೇಕು. ಆದರೆ ಅರ್ಥವಾಗಲಿಲ್ಲ ಎಂದು ಹೇಳಿ ಈ ಎಪ್ಪತ್ತೆರಡು ವರ್ಷದಲ್ಲಿ ನನಗೆ ಅಭ್ಯಾಸವಿಲ್ಲ.